ಸೂಟಿ ಮುಗಿದ ಮೇಲೆ

ಮುದ್ದೇಬಿಹಾಳ,
ರವಿವಾರ, 9 ನವೆಂಬರ್ 2025

ಚಿ. ಸೌ. ಜಯಮಾಲಾಳಿಗೆ ಗುರಪ್ಪನ ಆಶೀರ್ವಾದಗಳು.

ನಾವು ಮೂವರೂ ಇಲ್ಲಿ ಆರಾಮ ಇದ್ದೇವೆ. ಅಕ್ಕನ ಸೊಂಟ ಹೇಗಿದೆ? ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡುತ್ತಿದ್ದಾಳೆ ಎಂದು ಫೋನಿನಲ್ಲಿ ಹೇಳಿದೆ. ಡಾಕ್ಟರು ಇಡು ಎಂದರೋ, ಅವಳೇ ಹಟ ಮಾಡಿ ಇಟ್ಟಳೋ, ಅದನ್ನು ನೀನು ಹೇಳಲಿಲ್ಲ. ಶಂಕ್ರೆವ್ವಕ್ಕ ನನಗೆ ಒಡಹುಟ್ಟಿದವಳು, ನಿನಗೆ ಹಡೆದವಳು, ಅಕ್ಕನ ಮಗಳನ್ನೇ ಲಗ್ನವಾದ ತಪ್ಪಿಗೆ ನನಗೆ ಅತ್ತೆಯೂ ಆದವಳು. ಮೂರು ಅಧಿಕಾರವನ್ನು ಒಂದೇ ಬಾಯಲ್ಲಿ ನಡೆಸುವವಳು ಮಂಚ ಹಿಡಿದರೆ ಮನೆಯವರ ಗತಿ ಏನಾಗುತ್ತದೆ ಎಂದು ನನಗೆ ಗೊತ್ತು. ನಿನ್ನ ಮೊಣಕಾಲಿನ ವಿಷಯದಲ್ಲಂತೂ ನೀನು ಇದುವರೆಗೆ ಒಮ್ಮೆಯೂ ನಿಜ ಹೇಳಿದವಳಲ್ಲ. ಲಿಂಬೆ ತೋಟದ ಕಡೆ ಹೋಗುವಾಗ ಕೋಲು ಹಿಡಿದುಕೋ. ಇಂಡಿಯಲ್ಲಿ ನಮ್ಮಲ್ಲಿಗಿಂತ ಥಂಡಿ ಹೆಚ್ಚು, ಕಿವಿಗೆ ಬಟ್ಟೆ ಕಟ್ಟಿಕೋ.

ಫೋನ್ ಇರುವಾಗ ಈ ಮನುಷ್ಯ ಕಾಗದ ಯಾಕೆ ಬರೆದ ಎಂದು ನಿನಗೆ ಸಂಶಯ ಬಂದಿರಬೇಕು. ಬರಲಿ, ಈ ಮನೆಯಲ್ಲಿ ನಾನೊಬ್ಬನೇ ಯಾಕೆ ಸಂಶಯ ಪಡಬೇಕು? ನಿನ್ನ ಮೊಬೈಲಿನಲ್ಲಿ ಕಿವಿಗೆ ಹಿಡಿದರೆ ಏನೂ ಕೇಳುವುದಿಲ್ಲ, ಸ್ಪೀಕರ್ ಹಾಕಿದರೆ ಓಣಿಗೆಲ್ಲ ಕೇಳುತ್ತದೆ. ಪಕ್ಕದ ಮಂಚದಲ್ಲಿ ಅಕ್ಕ ಇರುತ್ತಾಳೆ. ಔಷಧಿಯ ಹೆಸರು ಕೂಗಿದರೂ ಕೇಳದ ಕಿವಿ ಅದು, ಲಗ್ನದ ಮಾತು ಪಿಸುಗುಟ್ಟಿದರೆ ತಟ್ಟನೆ ಕೇಳುತ್ತದೆ. ಅದಕ್ಕೇ ಈ ಕಾಗದವನ್ನು ಕಂಡಕ್ಟರ್ ಸಿದ್ರಾಮನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನು ಸಿಂದಗಿ ಮೇಲಿಂದ ಇಂಡಿಗೆ ಹೋಗುವ ಬಸ್ಸಿನಲ್ಲಿದ್ದಾನೆ. ನಾನು ಚೆಕಿಂಗ್ ಇನ್ಸ್‌ಪೆಕ್ಟರ್ ಇದ್ದಾಗ ನನ್ನಿಂದ ಮೆಮೊ ತಿಂದವರಲ್ಲಿ ಇಂದಿಗೂ ಕೈ ಎತ್ತಿ ನಮಸ್ಕಾರ ಹೇಳುವವನು ಅವನೊಬ್ಬನೇ. ಆ ನಮಸ್ಕಾರದ ಮೇಲೂ ನನಗೆ ಪೂರ್ತಿ ಭರವಸೆ ಇಲ್ಲದ್ದರಿಂದ ಲಕೋಟೆಗೆ ಅಂಟು ಹಚ್ಚಿದ್ದಲ್ಲದೆ ಸೂಜಿ ದಾರದಿಂದ ಹೊಲಿದೂ ಇದ್ದೇನೆ. ಹೊಲಿಗೆ ಬಿಚ್ಚಿದ್ದು ಕಂಡರೆ ಹೇಳು.

ವಿಷಯ ಶಿವಾನಿಯದು. ನಮ್ಮ ಮಗಳು ಕಸ್ತೂರಿ ತನ್ನ ಮಗಳನ್ನು ಓದಿಗೆಂದು ದೇವರ ಹಿಪ್ಪರಗಿಯಿಂದ ನಮ್ಮ ಮನೆಗೆ ತಂದು ಬಿಟ್ಟ ದಿನದಿಂದ ನನಗೊಂದು ಅನುಮಾನ ಇತ್ತು. ಎಸ್ಸೆಸ್ಸೆಲ್ಸಿಯಲ್ಲಿ ಅಷ್ಟು ಮಾರ್ಕ್ಸ್ ತೆಗೆದ ಹುಡುಗಿ ಸೈನ್ಸ್ ಬಿಟ್ಟು ಆರ್ಟ್ಸ್ ತೆಗೆದುಕೊಂಡಳು. ಆರ್ಟ್ಸಿನಲ್ಲೂ ಸಮಾಜಶಾಸ್ತ್ರವೇ ತನಗೆ ಇಷ್ಟದ ವಿಷಯ ಎಂದಳು. ಗಣಿತ ಇಷ್ಟ ಎನ್ನುವವರನ್ನು ನೋಡಿದ್ದೇನೆ, ಸಮಾಜ ಇಷ್ಟ ಎನ್ನುವವರನ್ನು ನೋಡಿರಲಿಲ್ಲ. ಮೂವತ್ತು ವರ್ಷ ಬಸ್ಸಿನಲ್ಲಿ ಸಮಾಜವನ್ನು ನಿಲ್ಲಿಸಿ ಟಿಕೆಟ್ ಕೇಳಿದವನು ನಾನು. ಅದನ್ನು ಓದಲು ಕಾಲೇಜು ಯಾಕೆ, ಮುದ್ದೇಬಿಹಾಳದ ಬಸ್ ಸ್ಟ್ಯಾಂಡಿನಲ್ಲಿ ಸಂತೆಯ ದಿನ ಒಂದು ತಾಸು ನಿಂತರೆ ಸಾಲದೇ ಎಂದು ಕೇಳಿದೆ. ಅದಕ್ಕೆ ಅವಳು, "ನೀವು ಟಿಕೆಟ್ ಇಲ್ಲದವ್ರನ್ನಷ್ಟ ನೋಡೀರಿ ಮುತ್ಯಾ, ಟಿಕೆಟ್ ಇದ್ದವ್ರನ್ನ ನೋಡೇ ಇಲ್ಲ" ಎಂದಳು. ಮೊಮ್ಮಗಳ ಬಾಯಿ ಯಾರ ಕಡೆಯಿಂದ ಬಂದಿದೆ ಎಂದು ಬೇರೆ ಹೇಳಬೇಕಿಲ್ಲ, ಈ ಕಾಗದ ಅವರ ಮಂಚದ ಪಕ್ಕದಲ್ಲೇ ಓದಲ್ಪಡುತ್ತಿದೆ.

ಒಂದು ದಿನ ಅವಳು ಬಾಗಿಲಲ್ಲಿ ಕುಳಿತು ಸಮಾಜಶಾಸ್ತ್ರ ಓದುತ್ತಿದ್ದಳು. ಕುಟುಂಬ, ವಿವಾಹ, ಬಂಧುತ್ವ ಎಂದೆಲ್ಲ ಇತ್ತು. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವ ಪದ್ಧತಿಯ ಬಗ್ಗೆಯೂ ಅವರ ಕ್ಲಾಸಿನಲ್ಲಿ ಹೇಳಿದ್ದಾರಂತೆ. ನನಗೆ ಗಾಬರಿಯಾಯಿತು. ನಮ್ಮ ಲಗ್ನ ಪರೀಕ್ಷೆಗೆ ಬರುತ್ತದೆ ಎಂದು ನಮಗೆ ಯಾರೂ ಹೇಳಿರಲಿಲ್ಲವಲ್ಲ! ಆಮೇಲೆ ನಗು ಬಂತು. ಅಕ್ಷತೆ ಬಿದ್ದ ದಿನ ನೀನು ಬಂಡಿ ಹತ್ತುವಾಗ ನನ್ನ ಕಡೆ ತಿರುಗಿ, "ಸೂಟಿ ಮುಗಿದ ಮ್ಯಾಲ ವಾಪಸ್ ಬರ್ತೇನಲ್ಲ ಮಾಮಾ?" ಎಂದು ಕೇಳಿದ್ದು ನೆನಪಾಯಿತು. ಮಾಮಾನ ಮನೆಗೆ ಸೂಟಿಗೆ, ಶಾಲೆಯ ರಜೆಗೆ, ಹೊರಟ ಹಾಗೆ! ಬೀಗರ ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಆ ಮಾತು ಹೇಳದೆ ನಮ್ಮ ಮನೆತನದಲ್ಲಿ ಇಂದಿಗೂ ಒಂದು ಲಗ್ನ ಆಗುವುದಿಲ್ಲ.

ಇರಲಿ, ಅನುಮಾನದ ಮಾತಿಗೆ ಬರುತ್ತೇನೆ. ದೀಪಾವಳಿಯ ನಂತರ ಶಿವಾನಿ ಕಾಲೇಜಿನಿಂದ ತಡವಾಗಿ ಬರತೊಡಗಿದಳು. ಕೇಳಿದರೆ, "ಪ್ರಾಜೆಕ್ಟ್ ಐತಿ ಮುತ್ಯಾ." ದಿನಾ ಅದೇ ಉತ್ತರ. ಮೊಬೈಲನ್ನು ಬೋರಲು ಇಡುತ್ತಾಳೆ. ಊಟಕ್ಕೆ ಕುಳಿತರೆ ಕಿಟಕಿಯ ಹೊರಗೆ ನೋಡುತ್ತಾಳೆ. ಟಿಕೆಟ್ ತೆಗೆಸದವನು ಚೆಕಿಂಗ್ ಬಂದಾಗ ಕಿಟಕಿಯ ಹೊರಗೇ ನೋಡುವುದು, ಹೊರಗೆ ಬರೀ ತೊಗರಿ ಹೊಲ ಇದ್ದರೂ ಜಾತ್ರೆ ನಡೆದ ಹಾಗೆ ನೋಡುತ್ತಾನೆ. ಅದರ ಮೇಲೆ ನಿನ್ನ ಮಗ ಅನೀಲಕುಮಾರ ಡ್ರಿಪ್ ಪೈಪಿನ ಅಂಗಡಿಯನ್ನು ಆಳಿನ ಮೇಲೆ ಬಿಟ್ಟು, ಬೈಕ್ ತೆಗೆದುಕೊಂಡು ಅವಳನ್ನು ಕರೆತರಲು ಹೋಗುತ್ತಾನೆ. ಹೋಗುವ ಮೊದಲು ತಲೆ ಬಾಚಿಕೊಳ್ಳುತ್ತಾನೆ. ನಿಜ ಹೇಳುತ್ತೇನೆ, ಮೊದಲು ನನಗೆ ಸಂತೋಷವೇ ಆಯಿತು. ಪಿಯುಸಿ ಮುಗಿದು ಹದಿನೆಂಟು ತುಂಬಿದ ಕೂಡಲೇ ಶಿವಾನಿಯನ್ನು ಅನೀಲನಿಗೆ ತಂದುಕೊಳ್ಳುವುದೆಂದು ನೀನು, ಅಕ್ಕ, ಕಸ್ತೂರಿ ಮಾತಾಡಿ ಮುಗಿಸಿದ್ದೀರಿ. ಹಸಿರು ಸೀರೆ ನಿನ್ನ ಟ್ರಂಕಿನಲ್ಲಿದೆ. ನಿಶ್ಚಯದ ಸಕ್ಕರೆ ಹಂಚುವವರೆಗೆ ಇಬ್ಬರಿಗೂ ಹೇಳಕೂಡದು ಎಂದು ನನ್ನ ಬಾಯಿಗೂ ಬೀಗ ಹಾಕಿದ್ದೀರಿ. ನಾವು ಹೇಳುವ ಮೊದಲೇ ಅವರಿಗೆ ತಿಳಿದಂತಿದೆಯಲ್ಲ, ಮನೆಯ ಮಗಳು ಮನೆಯಲ್ಲೇ ಉಳಿಯುತ್ತಾಳೆ ಎಂದುಕೊಂಡೆ.

ಆಮೇಲೆ ಓಣಿಯವರ ನಡತೆ ಬದಲಾಯಿತು, ನನ್ನ ನಿದ್ದೆ ಕೆಟ್ಟದ್ದು ಅಲ್ಲಿಂದ. ಆಚೆ ಮನೆಯವರು ಶೇಂಗಾ ಹೋಳಿಗೆ ಕಳಿಸಿದರು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಹೋಳಿಗೆ ಯಾಕೆ? ಮಾರ್ಕೆಟ್ ಯಾರ್ಡಿನ ಅಡತಿ ಅಂಗಡಿಯವನು, ಹತ್ತು ವರ್ಷದಿಂದ ನನ್ನನ್ನು ಕಂಡರೂ ಕಾಣದ ಹಾಗೆ ಹೋಗುತ್ತಿದ್ದವನು, ಸ್ಕೂಟರ್ ನಿಲ್ಲಿಸಿ, "ಅನೀಲನ ಅಂಗಡಿ ಜಾಗಾ ಸ್ವಂತದ್ದೇನ್ರಿ?" ಎಂದು ಕೇಳಿದ. ಸಂಜೆ ಎದುರುಮನೆಯ ಅಖ್ತರಬೇಗಂ ಕಟ್ಟೆಯ ಮೇಲೆ ಮಿಷನ್ ಹಾಕಿಕೊಂಡು ರವಿಕೆ ಹೊಲಿಯುತ್ತಿದ್ದವಳು ತಲೆ ಎತ್ತದೆಯೇ, "ಇನ್ಸ್‌ಪೆಕ್ಟರ್ ಸಾಬ್ರ, ಶಾದಿ ಮಾತು ನಡದಾವಂತ. ನಮಗೊಂದು ಮಾತ ಹೇಳಬಾರದೇನ್ರಿ?" ಎಂದಳು. ಯಾರ ಶಾದಿ ಎಂದೆ. ಅವಳು ನಕ್ಕಳು. "ನೀವು ಭಾಳ ಹುಷಾರ ಇದ್ದೀರಿ ಬಿಡ್ರಿ" ಎಂದು ಮಿಷನ್ ತುಳಿದಳು. ನಿಮ್ಮ ಗುಟ್ಟು ಹೊರಬಿದ್ದಿದೆ, ಕಸ್ತೂರಿಯೇ ಎಲ್ಲಿಯೋ ಬಾಯಿ ಬಿಟ್ಟಿದ್ದಾಳೆ ಎಂದು ಅವಳ ಮೇಲೆ ಸಿಟ್ಟು ಬಂತು. ಪಾಪ, ಅವಳ ತಪ್ಪಿರಲಿಲ್ಲ.

ಶುಕ್ರವಾರ ನಾನು ಹಳೆಯ ಉದ್ಯೋಗಕ್ಕೆ ಇಳಿದೆ. ಟವೆಲ್ ತಲೆಗೆ ಸುತ್ತಿಕೊಂಡು ಕಾಲೇಜಿನ ಎದುರಿನ ಚಹಾದ ಅಂಗಡಿಯಲ್ಲಿ ಕುಳಿತೆ. ಶಿವಾನಿ ಹೊರಗೆ ಬಂದು ಮನೆಯ ದಾರಿ ಬಿಟ್ಟು ಬೇರೆ ದಾರಿ ಹಿಡಿದಳು. ನಾನು ಹಿಂದೆ. ಹೊಸ ಬಡಾವಣೆಯಲ್ಲಿ ಒಂದು ಮನೆಯೊಳಗೆ ಅವಳು ತನ್ನ ಮನೆಯೇ ಎಂಬಂತೆ ಚಪ್ಪಲಿ ಬಿಟ್ಟು ಹೋದಳು. ಪಾರಿಜಾತದ ಗಿಡದ ಮರೆಗೆ ಕಿಟಕಿ ಇತ್ತು, ಅಲ್ಲಿ ನಿಂತೆ. ಒಳಗಿನಿಂದ ನಮ್ಮ ಹುಡುಗಿಯ ಧ್ವನಿ: "ನಿಮ್ಮ ಮನಿದೇವ್ರು ಯಾವುದ್ರಿ? ಬೆಡಗು ಯಾವುದ್ರಿ? ಹೆಣ್ಣುಮಕ್ಕಳನ್ನ ಯಾವ ಊರಿಗಿ ಕೊಟ್ಟೀರಿ?"

ಜಯಾ, ನಮ್ಮ ಸೀಮೆಯಲ್ಲಿ ಮನೆದೇವರು ಮತ್ತು ಕುಲದ ಬೆಡಗು ಯಾವ ಕೆಲಸಕ್ಕೆ ಕೇಳುತ್ತಾರೆ ಹೇಳು. ದೇವರು ಒಂದೇ ಇದ್ದು ಬೆಡಗು ಬೇರೆ ಇದ್ದರೆ ಮುಂದಿನ ಮಾತು, ಬೆಡಗು ಒಂದೇ ಆದರೆ ಚಹಾ ಕುಡಿದು ಎದ್ದು ಬರುವುದು. ಹುಟ್ಟಿದ ಕೂಸಿಗೂ ಗೊತ್ತು, ಈ ಎರಡು ಪ್ರಶ್ನೆ ಹೊತ್ತು ಬಂದವರು ಹೆಣ್ಣು ಕೇಳಲು ಬಂದವರು. ಒಳಗೆ ಆ ಮನೆಯ ಹೆಣ್ಣುಮಗಳು ಎಂಥ ಉಮೇದಿನಿಂದ ಉತ್ತರ ಹೇಳುತ್ತಿದ್ದಳು ಎಂದರೆ, ಕೇಳದ್ದನ್ನೂ ಹೇಳುತ್ತಿದ್ದಳು. ಎಮ್ಮೆ ಎಷ್ಟು ಹಾಲು ಕೊಡುತ್ತದೆ ಎನ್ನುವುದೂ ಬಂತು. ಆಮೇಲೆ ಹಳದಿ ಸೀರೆಯ ಒಬ್ಬ ಹುಡುಗಿ ತಲೆ ತಗ್ಗಿಸಿ ತಟ್ಟೆಯಲ್ಲಿ ಅವಲಕ್ಕಿ ತಂದು ಶಿವಾನಿಯ ಮುಂದೆ ಇಟ್ಟು, ಅವಳ ಕಾಲು ಮುಟ್ಟಲು ಹೋದಳು. ಹದಿನೇಳು ವರ್ಷದ ನಮ್ಮ ಕೂಸಿನ ಕಾಲು! ಮನೆಮನೆಗೆ ಹೋಗಿ ಪ್ರಶ್ನೆ ಕೇಳುವ ಸಮಾಜಶಾಸ್ತ್ರದ ಪ್ರಾಜೆಕ್ಟನ್ನು ಓಣಿಯವರು ಕನ್ಯಾ ನೋಡುವ ಕಾರ್ಯಕ್ರಮ ಎಂದುಕೊಂಡಿದ್ದಾರೆ ಎಂದು ಆಗ ತಿಳಿಯಿತು. ನಮ್ಮ ಅನೀಲನಿಗೆ!

ಅಷ್ಟರಲ್ಲಿ ಮನೆಯ ಯಜಮಾನ ಹಿತ್ತಲಿನಿಂದ ಬಂದವನು ಪಾರಿಜಾತದ ಮರೆಯಲ್ಲಿ ನನ್ನನ್ನು ಹಿಡಿದ. ನಾನು ಎಷ್ಟೋ ಜನರನ್ನು ಹಿಡಿದಿದ್ದೇನೆ, ನನ್ನನ್ನು ಹಿಡಿದದ್ದು ಇದೇ ಮೊದಲು. "ಬರ್ರಿ ಬರ್ರಿ, ಹಿರೇರು ಹಿಂಗ ಹೊರಗ ನಿಂತು ನೋಡೂದ? ನೋಡಬೇಕಂದ್ರ ಒಳಗ ಬಂದು ಬೆಳಕಿನ್ಯಾಗ ನೋಡ್ರಿ" ಎಂದು ಕೈ ಹಿಡಿದು ಒಯ್ದು ನಡುಮನೆಯ ಕುರ್ಚಿಯಲ್ಲಿ ಕೂರಿಸಿದ. ಶಿವಾನಿ ನನ್ನನ್ನು ನೋಡಿದಳು. ಹೆದರಲಿಲ್ಲ, ನಗಲೂ ಇಲ್ಲ. "ಬಂದ್ರೇನ್ ಮುತ್ಯಾ" ಎಂದು ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ನಾನೇನು ಮಾಡಲಿ? ಹುಡುಗನ ತಂದೆ ಕೂರುವ ಹಾಗೆ ಕೂತೆ. ಅವಲಕ್ಕಿ ತಿಂದೆ. ಮಗನಿಗೆ ಚಟ ಏನೂ ಇಲ್ಲ ಎಂದೂ ಹೇಳಿಬಿಟ್ಟೆ. ಆ ಹುಡುಗಿ ಯಜಮಾನನ ತಂಗಿಯ ಮಗಳಂತೆ, ಬಸವನ ಬಾಗೇವಾಡಿಯವಳು, ಇಲ್ಲಿ ಬಿ.ಎಡ್. ಓದುತ್ತಾಳೆ. ಹೊರಗೆ ಬೈಕಿನ ಸಪ್ಪಳ ಆಯಿತು. ನಮ್ಮ ಅನೀಲ ಗೇಟಿನಲ್ಲಿ ನಿಂತಿದ್ದ, ತಲೆ ಬಾಚಿಕೊಂಡು. ಹಳದಿ ಸೀರೆ ತಲೆ ಎತ್ತಿತು. ಮೂವತ್ತು ವರ್ಷದ ಅನುಭವ ಸುಳ್ಳು ಹೇಳುವುದಿಲ್ಲ, ಅವರಿಬ್ಬರೂ ನೋಡಿಕೊಂಡದ್ದು ಅದು ಮೊದಲ ಸಲ ಅಲ್ಲ.

ಮನೆಗೆ ಬಂದು ಬಾಗಿಲು ಹಾಕಿ ಇಬ್ಬರನ್ನೂ ನಿಲ್ಲಿಸಿದೆ. ಜನ ತಪ್ಪು ತಿಳಿದರೂ ಯಾಕೆ ಸುಮ್ಮನಿದ್ದೆ ಎಂದು ಶಿವಾನಿಯನ್ನು ಕೇಳಿದೆ. "ಮೊದಲನೇ ಮನ್ಯಾಗ ಅವ್ರೇ ತಪ್ಪ ತಿಳ್ಕೊಂಡ್ರು ಮುತ್ಯಾ. ಎರಡನೇ ಮನಿಯಿಂದ ನಾನೇ ಬೇಕಂತ ಸುಮ್ನಿದ್ದೆ" ಎಂದಳು. ಯಾಕೆ ಎಂದೆ. "ಅನೀಲ ಮಾಮಾಗ ಕನ್ಯಾ ಸಿಕ್ರ ನಾ ಉಳಿತೇನಲ್ಲ, ಅದಕ್ಕ." ನಿಮ್ಮ ಗುಟ್ಟನ್ನು ಹೊರಹಾಕಿದ್ದು ಯಾರು ಗೊತ್ತೇ? ನಿನ್ನ ಅದೇ ಮೊಬೈಲ್. ದಸರೆಯ ಸುಮಾರಿಗೆ ಶಿವಾನಿ ನಿನಗೆ ಫೋನ್ ಮಾಡಿದಾಗ ಅಕ್ಕ ಹಿಂದಿನಿಂದ, "ಪರೀಕ್ಷಾ ಮುಗದ ಕೂಡ್ಲೆ ಹಸರ ಸೀರಿ ಉಡಿಸಿ ಬಿಡ್ರಿ, ಅನೀಲಗ ಎಷ್ಟ ದಿನಾ ಕಾಯಿಸ್ತೀರಿ" ಎಂದು ಕೂಗಿದಳಂತೆ. ನೀನು ಮಾತು ಮರೆಸಿ ಉಪ್ಪಿನಕಾಯಿಯ ವಿಷಯ ತೆಗೆದೆಯಂತೆ. ಎಲ್ಲರೂ ಸೇರಿ ನನ್ನ ಬಾಯಿಗೆ ಬೀಗ ಹಾಕಿದಿರಿ, ಅಕ್ಕನ ಬಾಯಿಗೆ ಹಾಕಬೇಕಿತ್ತು.

ಅನೀಲನ ಮೇಲೆ ಕೂಗಾಡಿದೆ. ಅವನು ಎಂದೂ ಎದುರಾಡಿದವನಲ್ಲ, ನಿನಗೆ ಗೊತ್ತು. ಅವತ್ತು ಮಾತ್ರ, "ಅಪ್ಪಾ, ಈ ಕೂಸಿನ ನಾ ಹೆಗಲ ಮ್ಯಾಲ ಹೊತ್ತು ಬಜಾರ ತಿರಗಿಸೇನಿ. ಅಕೀ ಜೋಡಿ ಹೆಂಗ ಸಂಸಾರ ಮಾಡ್ಲಿ?" ಎಂದ. "ನಿಮ್ಮವ್ವನ್ನ ನಾನೂ ಹೊತ್ತು ತಿರಗಿಸೇನಿ!" ಎಂದು ಜೋರಾಗಿ ಅಂದೆ. ಶಿವಾನಿ ಒಳಗೆ ಹೋಗಿ ಅನ್ನಕ್ಕೆ ಇಟ್ಟಳು.

ಈಗ ಪರಿಸ್ಥಿತಿ ಹೀಗಿದೆ. ಬಸವನ ಬಾಗೇವಾಡಿಯವರು ಬರುವ ರವಿವಾರ ಬರುತ್ತೇವೆ ಎಂದಿದ್ದಾರೆ. ಬನ್ನಿ ಎಂದೂ ಹೇಳಿಲ್ಲ, ಬೇಡ ಎಂದೂ ಹೇಳಿಲ್ಲ. ಅವಲಕ್ಕಿ ತಿಂದ ಬಾಯಿಂದ ಬೇಡ ಎನ್ನಲು ಬರುವುದಿಲ್ಲ. ಬನ್ನಿ ಎಂದರೆ ಅಕ್ಕನಿಗೆ ಕೊಟ್ಟ ಮಾತು ಹೋಗುತ್ತದೆ. ಮೂರು ತಲೆಮಾರಿನಿಂದ ನಮ್ಮ ಮನೆಯ ಹೆಣ್ಣು ಹೊರಗೆ ಹೋಗಿಲ್ಲ, ಹೋಗಿದ್ದರೂ ಮಗಳ ರೂಪದಲ್ಲಿ ತಿರುಗಿ ಬಂದಿದೆ. ಶಿವಾನಿ ಬಿ.ಎ. ಓದುತ್ತೇನೆ, ಆಮೇಲೆ ಎಂ.ಎ. ಸಮಾಜಶಾಸ್ತ್ರ ಎನ್ನುತ್ತಾಳೆ. ಹುಡುಗಾಟದ ವಯಸ್ಸು, ಇವತ್ತು ಒಂದು ನಾಳೆ ಒಂದು. ಲಗ್ನವಾದ ಮೇಲೂ ಓದಬಹುದು ಎಂದು ನೀನೇ ಹೇಳಿದ್ದೆ. ಆದ್ದರಿಂದ ಅಕ್ಕನನ್ನು ಹದವಾಗಿ ಮಾತಾಡಿಸಿ, ನಿಮ್ಮಿಬ್ಬರ ತೀರ್ಮಾನ ಏನು ಎಂದು ತಿಳಿಸು. ನೀವು ಹೇಳಿದಂತೆ ನಡೆಯುತ್ತೇನೆ. ಬಾಗೇವಾಡಿಯವರಿಗೆ ಏನಾದರೂ ನೆವ ಹುಡುಕಿದರಾಯಿತು.

ಹಾಲು ದಿನಾ ಕಾಯಿಸುತ್ತಿದ್ದೇವೆ. ನಿನ್ನ ತುಳಸಿಗೆ ನೀರು ಹಾಕುತ್ತಿರುವವನು ನಾನೇ, ಅನೀಲ ಎಂದು ಅವನು ಹೇಳಿದರೆ ನಂಬಬೇಡ. ಲಿಂಬೆಯ ಉಪ್ಪಿನಕಾಯಿ ಸಿದ್ರಾಮನ ಕೈಯಲ್ಲಿ ಕಳಿಸು, ಆದರೆ ಡಬ್ಬಿಯ ಮುಚ್ಚಳಕ್ಕೆ ದಾರ ಕಟ್ಟು. ಅಕ್ಕನಿಗೆ ನನ್ನ ನಮಸ್ಕಾರ. ನಿನ್ನ ಮೊಣಕಾಲು ಬೇಗ ಹಗುರಾಗಲಿ.

ನಿನ್ನ,
ಗುರಪ್ಪ

ತಾ.ಕ. (ಸೋಮವಾರ ಬೆಳಿಗ್ಗೆ): ಹೊಲಿದ ಲಕೋಟೆಯನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಸಿದ್ರಾಮ ಬಾಗಿಲಲ್ಲೇ ನಿಂತಿದ್ದಾನೆ. ಮೇಲೆ ಬರೆದ ಕೊನೆಯ ಮಾತನ್ನು ನಡೆಸಬೇಡ. ಅಕ್ಕನನ್ನು ಏನೂ ಕೇಳಬೇಡ. ನಿನ್ನೆ ಸಂಜೆ ಶಿವಾನಿ ನನ್ನ ಎದುರು ಕೂತು, ನಮ್ಮ ಮನೆಯೂ ಪ್ರಾಜೆಕ್ಟಿನಲ್ಲಿದೆ, ಉತ್ತರ ಹೇಳಿ ಎಂದಳು. ಮನೆದೇವರು, ಬೆಡಗು ಎಲ್ಲ ಹೇಳಿದೆ. ಆಮೇಲೆ, "ಲಗ್ನಕ್ಕಿಂತ ಮೊದ್ಲ ಹುಡುಗೀನ ಯಾರರ ಕೇಳಿದ್ರೇನು?" ಎಂದಳು. "ಕೇಳಿದ್ವಿ" ಎಂದೆ. ಅವಳು ಬರೆದುಕೊಳ್ಳಲಿಲ್ಲ. "ಅದನ್ನ ಆಯಿ ಹೇಳಬೇಕು ಮುತ್ಯಾ" ಎಂದಳು, ಆಯಿ ಅಂದರೆ ನೀನು. ಅವಳನ್ನು ನಗಿಸೋಣ ಎಂದು ನಿನ್ನ ಸೂಟಿಯ ಮಾತು ಹೇಳಿದೆ. ಅವಳು ನಗಲಿಲ್ಲ. "ಆಯಿ ವಾಪಸ್ ಯಾಕ ಹೋಗಬೇಕಂದಿದ್ಲು?" ಎಂದು ಕೇಳಿದಳು. ಜಯಾ, ಅಲ್ಲಿಯವರೆಗೆ ನನಗೆ ನೆನಪಿರಲಿಲ್ಲ, ನಿನ್ನ ಮಾತು ಅಷ್ಟಕ್ಕೇ ಮುಗಿದಿರಲಿಲ್ಲ. "ಸೂಟಿ ಮುಗಿದ ಮ್ಯಾಲ ವಾಪಸ್ ಬರ್ತೇನಲ್ಲ ಮಾಮಾ? ಕಾಲೇಜಿಗಿ ಹೆಸರು ಹಚ್ಚೂದೈತಿ" ಎಂದಿದ್ದೆ. ನಗು ಬರುವುದು ಮೊದಲ ಅರ್ಧಕ್ಕೆ, ಹೀಗಾಗಿ ನಾವು ಎಲ್ಲ ಲಗ್ನಗಳಲ್ಲಿ ಅಷ್ಟನ್ನೇ ಹೇಳುತ್ತ ಬಂದೆವು. ಬಾಗೇವಾಡಿಯವರಿಗೆ ಬನ್ನಿ ಎಂದು ಈಗಷ್ಟೇ ಫೋನ್ ಮಾಡಿದೆ. ಅಕ್ಕನಿಗೆ ನಾನೇ ಬಂದು ಹೇಳುತ್ತೇನೆ, ಬೈಸಿಕೊಳ್ಳುವವನು ನಾನು. ನಿನ್ನಿಂದ ಬೇಕಾದದ್ದು ಒಂದೇ ಉತ್ತರ, ಅಕ್ಕನ ಮುಂದೆ ಓದದೆ, ನಿನ್ನ ಕೈಯಿಂದ ಬರೆದು ಸಿದ್ರಾಮನಿಗೆ ಕೊಡು. ನಿನ್ನನ್ನು ಅವತ್ತು ಯಾರಾದರೂ ಕೇಳಿದ್ದರೇ? ನನಗೆ ಬೇಸರವಾಗುತ್ತದೆಂದು ಸುಳ್ಳು ಬರೆಯಬೇಡ, ನಿನ್ನ ಸುಳ್ಳು ನನಗೆ ಗೊತ್ತಾಗುತ್ತದೆ. ಶಿವಾನಿ ಪ್ರಾಜೆಕ್ಟಿನಲ್ಲಿ ನಿನ್ನ ಉತ್ತರದ ಜಾಗ ಖಾಲಿ ಬಿಟ್ಟಿದ್ದಾಳೆ.